ಒಂದು ಸೋಲಿಗೆ ಗ್ರೀಕ್ ರಾಜರು ಮಣಿದರು, ರೋಮ್ ಏಕೆ ಮಣಿಯಲಿಲ್ಲ? ಸೈನಿಕ ಜನಬಲದ ಲೆಕ್ಕ

ಹಳೆನಾಣ್ಯ:

ಕ್ರಿ.ಪೂ. 225ರಲ್ಲಿ ಗಾಲ್ ಪಂಗಡಗಳು ಉತ್ತರದಿಂದ ಇಟಲಿಯ ಒಳಕ್ಕೆ ನುಗ್ಗಿದಾಗ, ಆಯುಧ ಹಿಡಿಯಬಲ್ಲ ವಯಸ್ಸಿನ ಗಂಡಸರ ಪಟ್ಟಿಯನ್ನು ಕಳುಹಿಸಬೇಕೆಂದು ರೋಮ್ ತನ್ನ ಮಿತ್ರರಾಜ್ಯಗಳಿಗೆಲ್ಲ ಆಜ್ಞಾಪಿಸಿತು. ಹಾಗೆ ಬಂದ ಲೆಕ್ಕವನ್ನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ತನ್ನ ಇತಿಹಾಸದ ಎರಡನೆಯ ಭಾಗದಲ್ಲಿ ದಾಖಲಿಸಿದ್ದಾನೆ. ರೋಮನ್ನರು ಮತ್ತು ಕ್ಯಾಂಪೇನಿಯದವರು ಸೇರಿ 2,50,000 ಕಾಲಾಳು, 23,000 ಕುದುರೆಯಾಳು. ಲ್ಯಾಟಿನರು 80,000 ಕಾಲಾಳು, 5,000 ಕುದುರೆಯಾಳು. ಸ್ಯಾಮ್ನೈಟರು 70,000 ಮತ್ತು 7,000. ದಕ್ಷಿಣ ತುದಿಯ ಇಯಾಪಿಗಿಯನ್ನರು, ಮೆಸ್ಸಾಪಿಯನ್ನರು 50,000 ಮತ್ತು 16,000. ಲೂಕೇನಿಯನ್ನರು 30,000 ಮತ್ತು 3,000. ಹೀಗೆ ಕೂಡಿಸುತ್ತ ಹೋಗಿ, ಒಟ್ಟು ಏಳು ಲಕ್ಷಕ್ಕೂ ಮೀರಿದ ಕಾಲಾಳು, ಸುಮಾರು 70,000 ಕುದುರೆಯಾಳು ಎಂದು ಅವನು ಹೇಳುತ್ತಾನೆ. ಇಂತಹ ನಾಡಿನ ಮೇಲೆ ಉತ್ತರ ಆಫ್ರಿಕಾದ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ 20,000ಕ್ಕೂ ಕಡಿಮೆ ಜನರೊಂದಿಗೆ ದಂಡೆತ್ತಿ ಬಂದನೆಂಬುದನ್ನು ಓದುಗರು ಗಮನಿಸಬೇಕೆಂಬುದೇ ಅವನ ಉದ್ದೇಶ.

ಈ ಅಂಕಿಗಳನ್ನು ಕೂಡಿಸುವಾಗ ಆಗಲೇ ಸೇನೆಯಲ್ಲಿದ್ದವರನ್ನು ಎರಡು ಬಾರಿ ಎಣಿಸಲಾಗಿದೆಯೇ ಎಂಬ ವಿವಾದ ವಿದ್ವಾಂಸರಲ್ಲಿ ಹಳೆಯದು. ಅದನ್ನು ಸದ್ಯಕ್ಕೆ ಬದಿಗಿಡೋಣ. ಒಂದೆರಡು ಲಕ್ಷ ಕಡಿಮೆ ಮಾಡಿದರೂ ನನ್ನ ಪ್ರಶ್ನೆ ಉಳಿಯುತ್ತದೆ. ಕ್ರಿ.ಪೂ. 220ರಿಂದ 167ರ ವರೆಗಿನ 53 ವರ್ಷಗಳಲ್ಲಿ, ತನಗೆ ಗೊತ್ತಿದ್ದ ಜಗತ್ತಿನ ಬಹುಪಾಲು ರೋಮಿನ ಕೈಕೆಳಗೆ ಬಂದದ್ದು ಹೇಗೆಂದು ಪಾಲಿಬಿಯಸ್ ಬರೆಯಹೊರಟನಲ್ಲವೇ? ಆ ಅವಧಿಯಲ್ಲಿ ಮ್ಯಾಸಿಡೋನಿಯ ಮತ್ತು ಪಶ್ಚಿಮ ಏಷ್ಯಾವನ್ನು ಆಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಸಿಡ್ ಸಾಮ್ರಾಜ್ಯ ಎರಡೂ ರೋಮಿನ ಮುಂದೆ ಸೋತವು. ಆ ಗೆಲುವಿನಲ್ಲಿ ಈ ಜನಬಲದ ಪಾಲೆಷ್ಟು? ತಲೆ ಎಣಿಕೆಯೊಂದೇ ಸಾಕಾದ ಕಾರಣವೇ?

ತುಂಗಾತೀರ:

ಹಳೆನಾಣ್ಯ ಅವರೇ, ತಲೆ ಎಣಿಕೆಯೇ ಕಾರಣವಾಗಿದ್ದರೆ ಅದು ರಣರಂಗದಲ್ಲಿ ಕಾಣಿಸಬೇಕಿತ್ತು. ಕಾಣಿಸುವುದಿಲ್ಲ.

ಕ್ರಿ.ಪೂ. 197ರ ಸೈನೋಸೆಫಲೇ ಕದನದಲ್ಲಿ ಮ್ಯಾಸಿಡೋನಿಯದ ರಾಜ ಐದನೆಯ ಫಿಲಿಪ್‌ನ ಬಳಿ ಫಾಲಾಂಕ್ಸ್ ಎಂಬ ಒತ್ತೊತ್ತಾದ ಸಾಲುಗಳ ವ್ಯೂಹದ 16,000 ಭರ್ಜಿಯಾಳುಗಳೂ ಸೇರಿದಂತೆ ಸುಮಾರು 25,500 ಜನರಿದ್ದರು. ರೋಮನ್ ಸೇನಾಪತಿ ಫ್ಲಾಮಿನಿನಸ್‌ನ ಸೈನ್ಯವೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಮತ್ತು ಅದರಲ್ಲಿ 6,000 ಕಾಲಾಳುಗಳನ್ನು ಕೊಟ್ಟವರು ಏಟೋಲಿಯದ ಗ್ರೀಕರು. ಏಷ್ಯಾ ಮೈನರಿನ ಮ್ಯಾಗ್ನೀಷಿಯಾದಲ್ಲಿ, ರೋಮನ್ ಇತಿಹಾಸಕಾರ ಲಿವಿಯ ಪ್ರಕಾರ, ಸೆಲ್ಯೂಸಿಡ್ ರಾಜ ಮೂರನೆಯ ಆಂಟಿಯೋಕಸ್ 60,000 ಕಾಲಾಳು ಮತ್ತು 12,000ಕ್ಕೂ ಹೆಚ್ಚು ಕುದುರೆಯಾಳುಗಳನ್ನು ನಿಲ್ಲಿಸಿದ್ದ. ಎದುರಿಗಿದ್ದ ರೋಮನ್ ಪಕ್ಷದವರು ಸುಮಾರು 30,000. ಕ್ರಿ.ಪೂ. 171ರಲ್ಲಿ ಫಿಲಿಪ್‌ನ ಮಗ ಪರ್ಸಿಯಸ್ ಕೂಡಿಸಿದ 39,000 ಕಾಲಾಳು ಮತ್ತು 4,000 ಕುದುರೆಯಾಳುಗಳ ಸೈನ್ಯವನ್ನು ಕುರಿತು, ಅಲೆಕ್ಸಾಂಡರ್ ಏಷ್ಯಾಕ್ಕೆ ಒಯ್ದ ಸೈನ್ಯವೊಂದನ್ನು ಬಿಟ್ಟರೆ ಮ್ಯಾಸಿಡೋನಿಯದ ಯಾವ ರಾಜನ ಬಳಿಯೂ ಇಷ್ಟು ದೊಡ್ಡ ಸೈನ್ಯ ಇರಲಿಲ್ಲವೆಂದು ಲಿವಿ ಬರೆಯುತ್ತಾನೆ. ಮೂರು ಸಂದರ್ಭಗಳಲ್ಲಿಯೂ ರೋಮ್ ಸಮುದ್ರದಾಚೆಗೆ ಕಳುಹಿಸಿದ್ದು ಒಬ್ಬ ಕಾನ್ಸಲ್‌ನ (ವರ್ಷಕ್ಕೊಮ್ಮೆ ಆಯ್ಕೆಯಾಗುವ ಇಬ್ಬರು ಮುಖ್ಯಾಧಿಕಾರಿಗಳಲ್ಲಿ ಒಬ್ಬನ) ಸೈನ್ಯವನ್ನು ಮಾತ್ರ: ಎರಡು ಲೀಜಿಯನ್‌ಗಳು (ತಲಾ ಸುಮಾರು ಐದು ಸಾವಿರ ಪೌರ ಸೈನಿಕರ ದಳಗಳು), ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಸಂಖ್ಯೆಯ ಇಟಾಲಿಯನ್ ಮಿತ್ರಪಡೆಗಳು.

ಆದ್ದರಿಂದ ಏಳು ಲಕ್ಷವೆಂಬ ಅಂಕಿಯನ್ನು ಹಿಡಿದುಕೊಂಡು ರೋಮನ್ನರು ಗ್ರೀಕರನ್ನು ಸಂಖ್ಯೆಯಿಂದ ಮುಳುಗಿಸಿದರೆಂದು ಬರೆಯುವವರು, ಸಮುದ್ರ ದಾಟಿಸಿ ಸಾಕಬಹುದಾದ ಸೈನ್ಯಕ್ಕೆ ಒಂದು ಮಿತಿಯಿತ್ತೆಂಬುದನ್ನು ಮರೆಯುತ್ತಾರೆ. ಬ್ರಂಡಿಸಿಯಮ್ ಬಂದರಿನಿಂದ ಹೊರಟ ಸೈನ್ಯಕ್ಕೆ ಧಾನ್ಯ ಒದಗಿಸುವುದೇ ಒಂದು ಯುದ್ಧದಷ್ಟು ಕೆಲಸ. ಒಂದು ಕೋಟಿ ಜನರಿದ್ದರೂ ಥೆಸಲಿಯ ಬಯಲಿನಲ್ಲಿ ಒಮ್ಮೆಗೆ ಊಟ ಮಾಡುತ್ತಿದ್ದವರು ಮೂವತ್ತು ನಲವತ್ತು ಸಾವಿರವೇ.

ಕಂಚಿನಗುರಾಣಿ:

ತುಂಗಾತೀರ ಅವರ ಅಂಕಿಗಳೇ ನನ್ನ ವಾದವನ್ನು ಗಟ್ಟಿಮಾಡುತ್ತವೆ. ಗೆದ್ದದ್ದು ಯುದ್ಧವಿಧಾನ. ಸೈನೋಸೆಫಲೇಯಲ್ಲಿ ಫಿಲಿಪ್‌ನ ಬಲಪಾರ್ಶ್ವ ಇಳಿಜಾರಿನಲ್ಲಿ ರೋಮನ್ನರನ್ನು ಹಿಂದಕ್ಕೆ ಒತ್ತುತ್ತಿದ್ದಾಗ, ಇನ್ನೊಂದು ಪಾರ್ಶ್ವದಲ್ಲಿ ಗೆದ್ದು ಮುನ್ನಡೆಯುತ್ತಿದ್ದ ತ್ರಿಬ್ಯೂನ್ ದರ್ಜೆಯ ಒಬ್ಬ ಸೇನಾಧಿಕಾರಿ (ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ) ಮ್ಯಾನಿಪಲ್ ಎಂಬ ಸಣ್ಣ ತುಕಡಿಗಳಲ್ಲಿ ಇಪ್ಪತ್ತನ್ನು ತಿರುಗಿಸಿಕೊಂಡು ಹೋಗಿ ಫಾಲಾಂಕ್ಸ್‌ನ ಬೆನ್ನಿಗೆ ಬಿದ್ದನು. ಉದ್ದ ಭರ್ಜಿಗಳನ್ನು ಮುಂದಕ್ಕೆ ಚಾಚಿ ನಿಂತ ಸಾಲುಗಳಿಗೆ ಹಿಂದಿರುಗಿ ಹೋರಾಡಲು ಸಾಧ್ಯವೇ ಇರಲಿಲ್ಲ. ಮ್ಯಾಸಿಡೋನಿಯದ 8,000 ಜನ ಸತ್ತರು, 5,000 ಜನ ಸೆರೆಯಾದರು. ರೋಮನ್ ಪಕ್ಷದಲ್ಲಿ ಸತ್ತವರು ಸುಮಾರು 700. ಕ್ರಿ.ಪೂ. 168ರಲ್ಲಿ ಪರ್ಸಿಯಸ್ ಸೋತ ಪಿಡ್ನಾದಲ್ಲಿಯೂ ಒಡಕು ನೆಲದ ಮೇಲೆ ಫಾಲಾಂಕ್ಸ್ ಬಿರುಕುಬಿಟ್ಟಿತು, ಸಣ್ಣ ಸಣ್ಣ ತುಕಡಿಗಳು ಆ ಬಿರುಕುಗಳೊಳಕ್ಕೆ ಹೊಕ್ಕವು. ಇಲ್ಲಿ ಜನಗಣತಿಗೆ ಏನು ಕೆಲಸ?

ಶಾಸನಪ್ರಿಯ:

ಒಂದು ಕದನದ ಗೆಲುವು ಬೇರೆ, ಒಂದು ಯುದ್ಧದ ಗೆಲುವು ಬೇರೆ. ಫಾಲಾಂಕ್ಸ್ ಸೋತ ದಿನಗಳನ್ನೇ ಲೆಕ್ಕ ಹಾಕುವವರು ಅದು ಗೆದ್ದ ದಿನಗಳನ್ನೂ ನೋಡಬೇಕು. ಎಪಿರಸ್‌ನ ಗ್ರೀಕ್ ರಾಜ ಪಿರ್ಹಸ್ ರೋಮನ್ನರನ್ನು ಎದುರಿಸಿ ಕ್ರಿ.ಪೂ. 280ರಲ್ಲಿ ಹೆರಾಕ್ಲಿಯದಲ್ಲಿ ಗೆದ್ದನು, ಮರುವರ್ಷ ಆಸ್ಕ್ಯುಲಮ್‌ನಲ್ಲಿಯೂ ಗೆದ್ದನು. ಇಂಥದ್ದೇ ಇನ್ನೊಂದು ಗೆಲುವು ಸಿಕ್ಕಿದರೆ ತಾವು ಪೂರ್ತಿ ನಾಶವಾದೆವೆಂದು ಅವನು ಹೇಳಿದ್ದು ಜೀವನಚರಿತ್ರೆಕಾರ ಪ್ಲುಟಾರ್ಕ್‌ನಿಂದಾಗಿ ಎಲ್ಲರಿಗೂ ಪರಿಚಿತ. ಆದರೆ ಅದೇ ಕೃತಿಯಲ್ಲಿ ಅವನ ರಾಯಭಾರಿ ಸಿನಿಯಾಸ್ ರೋಮಿನಿಂದ ಹಿಂದಿರುಗಿ ಹೇಳುವ ಮಾತು ಇನ್ನೂ ಹೆಚ್ಚು ಬೆಲೆಯುಳ್ಳದ್ದು: ಕಾನ್ಸಲ್‌ನ ಬಳಿ ಆಗಲೇ ಮೊದಲಿನ ಎರಡರಷ್ಟು ಸೈನ್ಯ ಕೂಡಿದೆ, ಆಯುಧ ಹಿಡಿಯಬಲ್ಲ ರೋಮನ್ನರು ಇನ್ನೂ ಹಲವು ಪಟ್ಟು ಇದ್ದಾರೆ, ಆ ಜನ ತಲೆ ಕಡಿದಷ್ಟೂ ಚಿಗುರುವ ಹೈಡ್ರಾ ಸರ್ಪದಂತೆ ತೋರುತ್ತಾರೆ. ಎಪಿರಸ್‌ನಿಂದ ಬಂದ ಅನುಭವಿ ಸೈನಿಕ ಸತ್ತರೆ ಅವನ ಜಾಗಕ್ಕೆ ಮತ್ತೊಬ್ಬ ಬರುವಂತಿರಲಿಲ್ಲ.

ಇದರ ಪೂರ್ಣ ರೂಪ ಕಾಣುವುದು ಹ್ಯಾನಿಬಲ್ ಯುದ್ಧದಲ್ಲಿ. ಕ್ರಿ.ಪೂ. 216ರಲ್ಲಿ ಕ್ಯಾನೆ ಕದನದಲ್ಲಿ ಸೋತು ಸತ್ತ ರೋಮನ್ ಪಕ್ಷದವರ ಸಂಖ್ಯೆ ಲಿವಿಯ ಪ್ರಕಾರ ಸುಮಾರು 48,000, ಪಾಲಿಬಿಯಸ್‌ನ ಪ್ರಕಾರ 70,000ದಷ್ಟು. ಕಡಿಮೆ ಅಂಕಿಯನ್ನೇ ಹಿಡಿದರೂ ಅದು ಒಂದು ಗ್ರೀಕ್ ರಾಜ್ಯದ ಇಡೀ ಸೈನ್ಯ. ಅನಂತರ ರೋಮ್ ಏನು ಮಾಡಿತು? 8,000 ಗುಲಾಮರನ್ನು ಸರ್ಕಾರದ ಹಣದಿಂದ ಕೊಂಡು ಸೈನಿಕರನ್ನಾಗಿ ಮಾಡಿತು, ಸೆರೆಮನೆಯಲ್ಲಿದ್ದ ಅಪರಾಧಿಗಳು ಮತ್ತು ಸಾಲಗಾರರಲ್ಲಿ 6,000 ಜನರ ಕೈಗೆ ಆಯುಧ ಕೊಟ್ಟಿತು, ಕೆಲವೇ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಲೀಜಿಯನ್‌ಗಳನ್ನು ಬೇರೆ ಬೇರೆ ರಂಗಗಳಲ್ಲಿ ಒಟ್ಟಿಗೆ ನಿಲ್ಲಿಸಿತು. ಸಂಧಿಯ ಮಾತಿಗೆಂದು ಬಂದ ಹ್ಯಾನಿಬಲ್‌ನ ದೂತನಿಗೆ ನಗರದೊಳಕ್ಕೆ ಪ್ರವೇಶವನ್ನೇ ಕೊಡಲಿಲ್ಲ.

ಈಗ ಫಿಲಿಪ್‌ನನ್ನು ನೋಡಿ. ಸೈನೋಸೆಫಲೇಗೆ ಮುಂಚೆಯೇ ಅವನು 16 ವರ್ಷದ ಹುಡುಗರನ್ನೂ ಸೇವೆ ಮುಗಿಸಿದ ಹಳಬರನ್ನೂ ಸೈನ್ಯಕ್ಕೆ ಸೇರಿಸಿಕೊಳ್ಳಬೇಕಾಯಿತು. ಆ ಒಂದು ಕದನ ಸೋತ ಮೇಲೆ ಸಂಧಿಯಲ್ಲದೆ ಬೇರೆ ದಾರಿಯೇ ಇರಲಿಲ್ಲ. ಅನಂತರದ ವರ್ಷಗಳಲ್ಲಿ ಅವನು ಪ್ರಜೆಗಳೆಲ್ಲರೂ ಮಕ್ಕಳನ್ನು ಹೆತ್ತು ಸಾಕಲೇಬೇಕೆಂದು ವಿಧಿಸಿದನೆಂದೂ, ಥ್ರೇಸಿನಿಂದ ಬಹಳ ಜನರನ್ನು ತಂದು ಮ್ಯಾಸಿಡೋನಿಯದಲ್ಲಿ ನೆಲೆಗೊಳಿಸಿದನೆಂದೂ ಲಿವಿ ಹೇಳುತ್ತಾನೆ. ಪರ್ಸಿಯಸ್‌ನ 43,000 ಜನರ ಸೈನ್ಯ ಆ ಇಪ್ಪತ್ತೈದು ವರ್ಷಗಳ ಕೂಡಿಡುವಿಕೆಯ ಫಲ, ಮತ್ತು ಅದು ಪಿಡ್ನಾದಲ್ಲಿ ಒಂದು ಮಧ್ಯಾಹ್ನದಲ್ಲಿ ಖರ್ಚಾಯಿತು. ಸತ್ತವರೇ 20,000 ಎನ್ನುತ್ತದೆ ಲಿವಿಯ ಲೆಕ್ಕ. ಕಂಚಿನಗುರಾಣಿ ಅವರು ಹೇಳಿದ ಇಪ್ಪತ್ತು ಮ್ಯಾನಿಪಲ್‌ಗಳ ಕಥೆ ಆ ದಿನ ಬೇರೆ ರೀತಿಯಲ್ಲಿ ಮುಗಿದಿದ್ದರೂ ರೋಮ್ ಮರುವರ್ಷ ಇನ್ನೊಬ್ಬ ಕಾನ್ಸಲ್‌ನನ್ನು ಕಳುಹಿಸುತ್ತಿತ್ತು. ಯುದ್ಧವಿಧಾನ ಯಾವ ದಿನ ಗೆಲ್ಲಬೇಕೆಂಬುದನ್ನು ನಿರ್ಧರಿಸಿತು. ಎಷ್ಟು ಬಾರಿ ಸೋಲಬಹುದೆಂಬುದನ್ನು ನಿರ್ಧರಿಸಿದ್ದು ಜನಬಲ.

ಬಯಲುದಾರಿ:

ಶಾಸನಪ್ರಿಯ ಅವರ ಮಾತಿಗೆ ಒಂದು ಪೂರಕ ಸಂಗತಿ. ಮ್ಯಾಗ್ನೀಷಿಯಾ ಕದನ ನಡೆದದ್ದು ಕ್ರಿ.ಪೂ. 190ರ ಕೊನೆಯಲ್ಲಿ ಅಥವಾ 189ರ ಆರಂಭದಲ್ಲಿ. ಆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿಯೇ ಸ್ಪೇನ್‌ನಲ್ಲಿ ಲೂಸಿಟೇನಿಯನ್ನರ ಕೈಯಲ್ಲಿ ಸೋತು ಲೂಸಿಯಸ್ ಎಮಿಲಿಯಸ್ ಪೌಲಸ್ 6,000 ಸೈನಿಕರನ್ನು ಕಳೆದುಕೊಂಡನು. ಇಪ್ಪತ್ತು ವರ್ಷಗಳ ಮೇಲೆ ಪಿಡ್ನಾದಲ್ಲಿ ಗೆದ್ದವನೂ ಇದೇ ಪೌಲಸ್. ಸ್ಪೇನ್‌ನ ಆ ಸೋಲು ಏಷ್ಯಾದ ಯುದ್ಧವನ್ನು ಒಂದು ದಿನದ ಮಟ್ಟಿಗೂ ನಿಲ್ಲಿಸಲಿಲ್ಲ. ಕ್ರಿ.ಪೂ. ಎರಡನೆಯ ಶತಮಾನದ ಮೊದಲ ದಶಕಗಳಲ್ಲಿ ರೋಮ್ ವರ್ಷಕ್ಕೆ ಸಾಮಾನ್ಯವಾಗಿ ಎಂಟರಿಂದ ಹತ್ತು ಲೀಜಿಯನ್‌ಗಳನ್ನು ಕಣದಲ್ಲಿಡುತ್ತಿತ್ತು. ಮಿತ್ರಪಡೆಗಳನ್ನು ಸೇರಿಸಿದರೆ ಒಂದು ಲಕ್ಷದ ಆಸುಪಾಸು. ಇದರಲ್ಲಿ ಗ್ರೀಕ್ ರಂಗಕ್ಕೆ ಹೋಗುತ್ತಿದ್ದದ್ದು ಸಣ್ಣ ಪಾಲು. ಗ್ರೀಕರ ಪಾಲಿಗೆ ಅದು ಅಳಿವು ಉಳಿವಿನ ಯುದ್ಧ, ರೋಮಿಗೆ ಆ ವರ್ಷದ ಹಲವು ಕಾರ್ಯಗಳಲ್ಲಿ ಒಂದು.

ತುಂಗಾತೀರ:

ಹಾಗಾದರೆ ಮುಂದಿನ ಪ್ರಶ್ನೆ ಕೇಳಲೇಬೇಕು. ಸೆಲ್ಯೂಸಿಡ್ ರಾಜರ ಆಳ್ವಿಕೆಯಲ್ಲಿದ್ದ ಪ್ರಜೆಗಳ ಸಂಖ್ಯೆ ಇಟಲಿಗಿಂತ ಕಡಿಮೆಯಿರಲಾರದು. ಸಿರಿಯ, ಮೆಸೊಪೊಟೇಮಿಯ, ಇರಾನ್‌ನ ದೊಡ್ಡ ಭಾಗ ಎಲ್ಲವೂ ಅವರದೇ. ಈಜಿಪ್ಟಿನ ನೈಲ್ ಕಣಿವೆಯೂ ಜನಭರಿತ. ಜನಬಲ ಎಂದರೆ ಜನಸಂಖ್ಯೆ ಎಂದಾದರೆ ಆ ರಾಜರೂ ಹೈಡ್ರಾಗಳೇ ಆಗಬೇಕಿತ್ತಲ್ಲವೇ?

ಶಾಸನಪ್ರಿಯ:

ಚರ್ಚೆಯ ತಿರುಳು ಇಲ್ಲಿಯೇ ಇದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಕ್ರಿ.ಪೂ. 217ರ ರಫಿಯಾ ಕದನದಲ್ಲಿ ಆಂಟಿಯೋಕಸ್‌ನ ಬಳಿ 62,000 ಕಾಲಾಳು, 6,000 ಕುದುರೆಯಾಳು, 102 ಆನೆಗಳಿದ್ದವು. ಈಜಿಪ್ಟನ್ನು ಆಳುತ್ತಿದ್ದ ಗ್ರೀಕ್ ಮೂಲದ ರಾಜ ನಾಲ್ಕನೆಯ ಟಾಲೆಮಿಯ ಬಳಿ 70,000 ಕಾಲಾಳು, 5,000 ಕುದುರೆಯಾಳು, 73 ಆನೆಗಳಿದ್ದವು. ಒಂದು ದಿನಕ್ಕೆ ಕೂಡಿಸಬಲ್ಲ ಸೈನ್ಯದಲ್ಲಿ ಈ ರಾಜರು ರೋಮಿಗೆ ಕಡಿಮೆಯಾಗಿರಲಿಲ್ಲ. ಆದರೆ ಈ ಸೈನ್ಯಗಳ ನಡುಗಂಬವಾದ ಫಾಲಾಂಕ್ಸ್‌ಗೆ ಸೇರುತ್ತಿದ್ದವರು ಬಹುಮಟ್ಟಿಗೆ ಗ್ರೀಕ್ ಮತ್ತು ಮ್ಯಾಸಿಡೋನಿಯನ್ ಮೂಲದ ವಲಸಿಗರು, ಸೇವೆಗೆ ಪ್ರತಿಯಾಗಿ ಜಮೀನು ಪಡೆದು ನೆಲೆಸಿದವರು. ಉಳಿದದ್ದನ್ನು ಕೂಲಿಸೈನಿಕರಿಂದಲೂ ಅಧೀನ ಜನಾಂಗಗಳ ತುಕಡಿಗಳಿಂದಲೂ ತುಂಬಬೇಕಿತ್ತು. ರಫಿಯಾದಲ್ಲಿ ಟಾಲೆಮಿ ಈ ಗೆರೆಯನ್ನು ಮೀರಿ 20,000 ಈಜಿಪ್ಟಿನ ಸ್ಥಳೀಯರನ್ನು ಫಾಲಾಂಕ್ಸ್‌ಗೆ ತರಬೇತುಗೊಳಿಸಿದನು ಮತ್ತು ಗೆದ್ದನು. ಪಾಲಿಬಿಯಸ್ ಇದರ ಬಗ್ಗೆ ಕೊಡುವ ತೀರ್ಪು ಕುತೂಹಲಕರವಾಗಿದೆ: ಆ ಕ್ಷಣಕ್ಕೆ ಅದು ಸರಿಯಾದ ಕ್ರಮ, ಭವಿಷ್ಯಕ್ಕೆ ತಪ್ಪು. ರಫಿಯಾದ ಗೆಲುವಿನಿಂದ ಎದೆಯುಬ್ಬಿಸಿದ ಆ ಜನ ಇನ್ನು ಆಜ್ಞೆ ಪಾಲಿಸಲು ಸಿದ್ಧರಿರಲಿಲ್ಲ, ಬಂಡೆದ್ದರು. ಮುಂದೆ ದಕ್ಷಿಣದ ‘ಮೇಲಿನ ಈಜಿಪ್ಟ್’ ಸುಮಾರು ಇಪ್ಪತ್ತು ವರ್ಷ ಟಾಲೆಮಿಗಳ ಕೈತಪ್ಪಿ ಹೋಯಿತು. ಪ್ರಜೆಗೆ ಭರ್ಜಿಯನ್ನು ಕೊಟ್ಟು ಅದರೊಂದಿಗೆ ಬೇರೇನನ್ನೂ ಕೊಡದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಆ ಯುಗದಲ್ಲಿ ಸಿಗಲಾರದು.

ನಗರರಾಜ್ಯಗಳ ಸ್ಥಿತಿಯೂ ಇದೇ. ಪೌರತ್ವವನ್ನು ಗಂಟುಕಟ್ಟಿ ಕಾಪಾಡಿದ್ದೇ ಅವುಗಳ ಮಿತಿಯಾಯಿತು. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸ್‌ನ ಕಾನೂನು ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಪೌರತ್ವವೆಂದಿತು. ಸ್ಪಾರ್ಟಾದಲ್ಲಿ ಕ್ರಿ.ಪೂ. ಮೂರನೆಯ ಶತಮಾನದ ನಡುವಿನ ಹೊತ್ತಿಗೆ ಹಳೆಯ ಸ್ಪಾರ್ಟನ್ ಮನೆತನಗಳವರು 700ಕ್ಕಿಂತ ಹೆಚ್ಚು ಉಳಿದಿರಲಿಲ್ಲವೆಂದು ಪ್ಲುಟಾರ್ಕ್ ಬರೆಯುತ್ತಾನೆ. ಅಲ್ಲಿನ ರಾಜ ಕ್ಲಿಯೋಮಿನಿಸ್ ಕೊನೆಗೆ ಹೆಲಟ್‌ಗಳಿಂದ (ಸ್ಪಾರ್ಟಾದ ಜೀತದ ರೈತರಿಂದ) ಹಣ ಪಡೆದು ಬಿಡುಗಡೆ ಮಾಡಿ, ಅವರಲ್ಲಿ 2,000 ಜನರಿಗೆ ಆಯುಧ ಕೊಟ್ಟದ್ದು ರಾಜ್ಯ ಮುಳುಗುವ ಗಳಿಗೆಯಲ್ಲಿ.

ರೋಮ್ ಇದಕ್ಕೆ ವಿರುದ್ಧವಾಗಿ ನಡೆಯಿತು. ಗೆದ್ದ ಊರುಗಳಲ್ಲಿ ಕೆಲವಕ್ಕೆ ಪೂರ್ಣ ಪೌರತ್ವ, ಕೆಲವಕ್ಕೆ ಮತದ ಹಕ್ಕಿಲ್ಲದ ಪೌರತ್ವ, ಕೆಲವಕ್ಕೆ ಲ್ಯಾಟಿನ್ ಹಕ್ಕು (ಪೌರತ್ವಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ), ಉಳಿದವಕ್ಕೆ ಒಪ್ಪಂದ. ಒಪ್ಪಂದದ ಮಿತ್ರರಿಂದ ರೋಮ್ ಕಪ್ಪ ಕೇಳುತ್ತಿರಲಿಲ್ಲ, ಸೈನಿಕರನ್ನು ಕೇಳುತ್ತಿತ್ತು. ಬಿಡುಗಡೆಯಾದ ಗುಲಾಮನೂ ಪೌರನಾಗುತ್ತಿದ್ದನು. ಇದನ್ನು ಗ್ರೀಕರು ಗಮನಿಸಲಿಲ್ಲವೆಂದು ಯಾರೂ ತಿಳಿಯಬಾರದು. ಅದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಇದೇ ಐದನೆಯ ಫಿಲಿಪ್, ರೋಮಿನೊಂದಿಗೆ ಯುದ್ಧ ಆರಂಭವಾದ ಕಾಲಕ್ಕೆ, ಕ್ರಿ.ಪೂ. 215ರ ಸುಮಾರಿಗೆ, ಥೆಸಲಿಯ ಲಾರಿಸ್ಸಾ ನಗರಕ್ಕೆ ಬರೆದ ಪತ್ರವೊಂದು ಶಾಸನವಾಗಿ ಉಳಿದಿದೆ. ಯುದ್ಧಗಳಿಂದ ಜನ ಕಡಿಮೆಯಾಗಿ ಭೂಮಿ ಬೀಳು ಬಿದ್ದಿದೆ, ಊರಿನಲ್ಲಿ ನೆಲೆಸಿರುವ ಇತರ ಗ್ರೀಕರಿಗೂ ಪೌರತ್ವ ಕೊಡಿ ಎಂದು ಅವನು ಹಿಂದೆಯೇ ಹೇಳಿದ್ದನು. ಲಾರಿಸ್ಸಾದವರು ಮೊದಲು ಹೆಸರುಗಳನ್ನು ಕೆತ್ತಿಸಿ, ಆಮೇಲೆ ಅಳಿಸಿಹಾಕಿದರು. ಎರಡನೆಯ ಪತ್ರದಲ್ಲಿ ಫಿಲಿಪ್ ಅವರನ್ನು ಗದರಿಸುತ್ತ ರೋಮನ್ನರನ್ನೇ ಮಾದರಿಯಾಗಿ ತೋರಿಸುತ್ತಾನೆ: ಅವರು ಗುಲಾಮರನ್ನು ಬಿಡುಗಡೆ ಮಾಡಿದಾಗಲೂ ಪೌರರನ್ನಾಗಿ ಮಾಡುತ್ತಾರೆ, ಅಧಿಕಾರದ ಹುದ್ದೆಗಳಲ್ಲಿಯೂ ಪಾಲು ಕೊಡುತ್ತಾರೆ, ಹೀಗೆ ತಮ್ಮ ನಾಡನ್ನು ಬೆಳೆಸಿಕೊಂಡು ಸುಮಾರು 70 ಕಡೆಗಳಿಗೆ ವಸಾಹತುಗಳನ್ನು ಕಳುಹಿಸಿದ್ದಾರೆ.

ವಿವರಗಳಲ್ಲಿ ರಾಜ ಎಡವಿದ್ದಾನೆ. ಬಿಡುಗಡೆಯಾದವನಿಗೆ ಹುದ್ದೆ ಸಿಗುತ್ತಿರಲಿಲ್ಲ, ಅವನ ಸಂತತಿಗೆ ಆ ದಾರಿ ತೆರೆಯುತ್ತಿತ್ತು. ವಸಾಹತುಗಳ ಸಂಖ್ಯೆಯೂ ಅತಿಶಯ. ಆದರೂ ಶತ್ರುವಿನ ಬಲದ ಮೂಲವನ್ನು ಅವನು ಸರಿಯಾಗಿಯೇ ಕಂಡಿದ್ದನು. ಕಂಡದ್ದನ್ನು ಒಂದು ಊರಿನಲ್ಲಿ ಜಾರಿಗೊಳಿಸಲು ಎರಡು ಪತ್ರಗಳು ಬೇಕಾದವು.

ಕಂಚಿನಗುರಾಣಿ:

ಶಾಸನಪ್ರಿಯ ಅವರು ಕೊಟ್ಟ ಲಾರಿಸ್ಸಾದ ಪತ್ರ ನಿಜಕ್ಕೂ ಅಮೂಲ್ಯ. ಇದಕ್ಕೆ ಜೋಡಿಯಾಗಿ ಇನ್ನೊಂದನ್ನು ಇಡಬಹುದು: ಪಿಡ್ನಾದ ಅನಂತರ, ಕ್ರಿ.ಪೂ. 166ರಲ್ಲಿ, ಸೆಲ್ಯೂಸಿಡ್ ರಾಜ ನಾಲ್ಕನೆಯ ಆಂಟಿಯೋಕಸ್ ಡಾಫ್ನೆಯಲ್ಲಿ ನಡೆಸಿದ ಭಾರಿ ಸೇನಾ ಮೆರವಣಿಗೆಯ ಮುಂಭಾಗದಲ್ಲಿ ಸರಪಳಿ ಕವಚ ತೊಟ್ಟು ರೋಮನ್ ರೀತಿಯಲ್ಲಿ ಸಜ್ಜಾದ 5,000 ಯುವಕರಿದ್ದರು. ಕವಚವನ್ನು ನಕಲು ಮಾಡುವುದು ಸುಲಭವಾಗಿತ್ತು.

ಬಯಲುದಾರಿ:

ಇಲ್ಲಿಯವರೆಗಿನ ಚರ್ಚೆಯಲ್ಲಿ ರೋಮಿನ ಜನಬಲ ಬತ್ತದ ಬಾವಿಯಂತೆ ಕಾಣುತ್ತಿದೆ. ಆ ಕಾಲದ ರೋಮನ್ನರಿಗೆ ಹಾಗೆ ಕಂಡಿರಲಿಲ್ಲ, ಮತ್ತು ಗ್ರೀಕ್ ಯುದ್ಧಗಳ ಸಂದರ್ಭದಲ್ಲಿಯೇ ಅದು ಹೆಚ್ಚು ಸ್ಪಷ್ಟವಾಗುತ್ತದೆ.

ಜನಗಣತಿಯ ಅಂಕಿಗಳಿಂದ ಆರಂಭಿಸುತ್ತೇನೆ. ಹ್ಯಾನಿಬಲ್ ಯುದ್ಧಕ್ಕೆ ಮೊದಲು, ಕ್ರಿ.ಪೂ. 234ರಲ್ಲಿ ಎಣಿಕೆಯಾದ ಪೌರರು 2,70,713. ಯುದ್ಧದ ನಡುವೆ, ಕ್ರಿ.ಪೂ. 209ರಲ್ಲಿ, ಸಿಗುವ ಅಂಕಿ 1,37,108. ದೂರದ ಸೈನ್ಯಗಳಲ್ಲಿದ್ದವರು ಎಣಿಕೆಯಲ್ಲಿ ಬಿಟ್ಟುಹೋಗಿರಬಹುದು, ಕ್ಯಾಪುವಾದ ಬಂಡಾಯದಿಂದ ಕ್ಯಾಂಪೇನಿಯದವರು ಹೊರಗಾಗಿದ್ದರು. ಆದರೂ ಆ ಕುಸಿತದ ಹಿಂದೆ ಸಾವಿರಾರು ಮನೆಗಳ ಸಾವು ಇದೆ. ಅದೇ ಕ್ರಿ.ಪೂ. 209ರಲ್ಲಿ 30 ಲ್ಯಾಟಿನ್ ವಸಾಹತುಗಳ ಪೈಕಿ 12, ಇನ್ನು ಕೊಡಲು ಸೈನಿಕರೂ ಇಲ್ಲ, ಹಣವೂ ಇಲ್ಲವೆಂದು ಕಾನ್ಸಲ್‌ಗಳ ಮುಂದೆ ನಿಂತು ಹೇಳಿದವು.

ಈ ಬಳಲಿಕೆಯ ಮೇಲೆಯೇ ಮ್ಯಾಸಿಡೋನಿಯದ ಯುದ್ಧ ಬಂದಿತು. ಕ್ರಿ.ಪೂ. 200ರಲ್ಲಿ ಫಿಲಿಪ್‌ನ ಮೇಲೆ ಯುದ್ಧ ಸಾರುವ ಪ್ರಸ್ತಾವವನ್ನು ಜನಸಭೆ ಮೊದಲ ಬಾರಿಗೆ ತಿರಸ್ಕರಿಸಿತು. ಹೆಚ್ಚುಕಡಿಮೆ ಎಲ್ಲ ಮತಗಟ್ಟುಗಳೂ ಬೇಡವೆಂದವು. ಯುದ್ಧದ ಮೇಲೆ ಯುದ್ಧ ಹೂಡಿ ಜನ ಶಾಂತಿಯ ರುಚಿಯನ್ನೇ ಕಾಣದಂತೆ ಸೆನೆಟ್ ಮಾಡುತ್ತಿದೆಯೆಂದು ತ್ರಿಬ್ಯೂನ್ (ಇಲ್ಲಿ ಜನರ ಪ್ರತಿನಿಧಿ) ಕ್ವಿಂಟಸ್ ಬೇಬಿಯಸ್ ದೂರಿದನು. ಕಾನ್ಸಲ್ ಸುಲ್ಪಿಸಿಯಸ್ ಗಾಲ್ಬಾ ಮತ್ತೆ ಸಭೆ ಕರೆದು, ಯುದ್ಧ ಮ್ಯಾಸಿಡೋನಿಯದಲ್ಲಿ ಬೇಕೋ ಇಟಲಿಯಲ್ಲಿ ಬೇಕೋ ಎಂಬುದಷ್ಟೇ ನಿಮ್ಮ ಮುಂದಿರುವ ಆಯ್ಕೆಯೆಂದು ಹೆದರಿಸಿ ಒಪ್ಪಿಸಬೇಕಾಯಿತು. ಹ್ಯಾನಿಬಲ್‌ನನ್ನು ಸೋಲಿಸಿ ಆಫ್ರಿಕಾದಿಂದ ಮರಳಿದ ಸ್ಕಿಪಿಯೋನ ಹಳೆಯ ಸೈನಿಕರಲ್ಲಿ ಇಷ್ಟಪಟ್ಟವರನ್ನು ಮಾತ್ರ ಕರೆದೊಯ್ಯಬೇಕೆಂಬ ನಿಬಂಧನೆಯಿತ್ತು. ಮರುವರ್ಷವೇ ಅವರಲ್ಲಿ ಸುಮಾರು 2,000 ಜನ, ತಮ್ಮನ್ನು ಸ್ವಇಚ್ಛೆಯವರೆಂದು ಹೇಳಿ ಬಲವಂತವಾಗಿ ಹಡಗು ಹತ್ತಿಸಲಾಗಿದೆಯೆಂದು ದಂಗೆಯೆದ್ದರು. ಇಟಲಿಯನ್ನು ಕಾಣದೆ ಎಷ್ಟೋ ವರ್ಷಗಳಾಗಿದ್ದವು ಅವರಿಗೆ.

ಕ್ರಿ.ಪೂ. 171ರಲ್ಲಿ ಪರ್ಸಿಯಸ್‌ನ ಮೇಲಿನ ಯುದ್ಧಕ್ಕೆ ನಡೆದ ಸೈನಿಕ ಭರ್ತಿಯ ಚಿತ್ರ ಸ್ವಲ್ಪ ಬೇರೆ. ಹಿಂದಿನ ಮ್ಯಾಸಿಡೋನಿಯ ಮತ್ತು ಏಷ್ಯಾ ಯುದ್ಧಗಳಿಗೆ ಹೋದವರು ಸಿರಿವಂತರಾಗಿ ಮರಳಿದ್ದನ್ನು ಕಂಡು ಬಹಳ ಜನ ತಾವಾಗಿಯೇ ಹೆಸರು ಕೊಟ್ಟರೆಂದು ಲಿವಿ ಹೇಳುತ್ತಾನೆ. ಆದರೆ ಹಿಂದೆ ಅತ್ಯುನ್ನತ ಶತಾಧಿಪತಿಗಳಾಗಿದ್ದ 23 ಮಂದಿ, ತಮ್ಮನ್ನು ಕೆಳಗಿನ ಸ್ಥಾನಕ್ಕೆ ಹಾಕುತ್ತಾರೆಂದು ತ್ರಿಬ್ಯೂನರ ಬಳಿ ಮೊರೆಯಿಟ್ಟರು. ಆಗ ಸ್ಪೂರಿಯಸ್ ಲಿಗುಸ್ಟಿನಸ್ ಎಂಬ ಸೇಬೈನ್ ಮೂಲದ ಹಳಬ ಎದ್ದು ನಿಂತು ಮಾತಾಡಿದನು. ಅವನಿಗೆ ತಂದೆ ಬಿಟ್ಟುಹೋದದ್ದು ಒಂದು ಯೂಗೆರಮ್ ಜಮೀನು, ಅಂದರೆ ಸುಮಾರು ಕಾಲು ಹೆಕ್ಟೇರ್, ಮತ್ತು ಒಂದು ಗುಡಿಸಲು. ಆರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕ್ರಿ.ಪೂ. 200ರಲ್ಲಿ ಸಾಮಾನ್ಯ ಸೈನಿಕನಾಗಿ ಫಿಲಿಪ್‌ನ ವಿರುದ್ಧ ಹೋದವನು, ಮೂರನೆಯ ವರ್ಷ ಫ್ಲಾಮಿನಿನಸ್‌ನಿಂದ ಬಡ್ತಿ ಪಡೆದನು, ಕೇಟೋನೊಂದಿಗೆ ಸ್ಪೇನ್‌ಗೆ ಹೋದನು, ಆಂಟಿಯೋಕಸ್ ಮತ್ತು ಏಟೋಲಿಯನ್ನರ ವಿರುದ್ಧ ಮತ್ತೆ ಗ್ರೀಸ್‌ಗೆ ಹೋದನು, ಆಮೇಲೆ ಮತ್ತೆ ಸ್ಪೇನ್. ಒಟ್ಟು 22 ವರ್ಷ ಸೇವೆ, ಶೌರ್ಯಕ್ಕಾಗಿ 34 ಬಹುಮಾನ, ಸಹಪೌರರ ಜೀವ ಉಳಿಸಿದ್ದಕ್ಕಾಗಿ ಆರು ಕಿರೀಟ, ವಯಸ್ಸು ಐವತ್ತು ದಾಟಿದೆ. ಆದರೂ ಯಾವ ಸ್ಥಾನ ಕೊಟ್ಟರೂ ಹೋಗುತ್ತೇನೆ ಎಂದನು. ಈ ಭಾಷಣವನ್ನು ಲಿವಿ ತಿದ್ದಿ ತೀಡಿರುವುದು ಖಂಡಿತ, ಅವನಿಗೆ ಆದರ್ಶ ರೋಮನ್ ಬೇಕಾಗಿದ್ದನು. ಆದರೂ ನನ್ನ ಕಣ್ಣಿಗೆ ಬೀಳುವುದು ಬೇರೆ ಸಂಗತಿ. ಕಾಲಾಳಿಗೆ 16 ವರ್ಷಗಳ ಸೇವೆ ಗರಿಷ್ಠವೆಂದು ಪಾಲಿಬಿಯಸ್ ಹೇಳುವ ವ್ಯವಸ್ಥೆಯಲ್ಲಿ ಈತ 22 ವರ್ಷ ದುಡಿದಿದ್ದಾನೆ, ಮತ್ತು ಮೂವತ್ತು ವರ್ಷಗಳಾದರೂ ಅವನ ಜಮೀನು ಅಷ್ಟೇ ಇದೆ. ಏಳು ಲಕ್ಷವೆಂಬ ಅಂಕಿ ಲಿಗುಸ್ಟಿನಸ್‌ನಂತಹವರ ಬೆನ್ನಿನ ಮೇಲೆ ನಿಂತಿತ್ತು.

ಹಳೆನಾಣ್ಯ:

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಎಳೆಯನ್ನು ಹಿಡಿಯಬೇಕೆನಿಸುತ್ತದೆ. ಮಿತ್ರರಿಂದ ಕಪ್ಪವಿಲ್ಲದೆ ಸೈನಿಕರನ್ನು ಮಾತ್ರ ಪಡೆಯುವ ರಾಜ್ಯಕ್ಕೆ, ಯುದ್ಧವಿಲ್ಲದ ವರ್ಷದಲ್ಲಿ ಆ ಮೈತ್ರಿಯಿಂದ ಯಾವ ಪ್ರಯೋಜನವೂ ಇಲ್ಲ. ಹಾಗಾದರೆ ಈ ವ್ಯವಸ್ಥೆಯೇ ರೋಮನ್ನು ವರ್ಷವರ್ಷವೂ ಯುದ್ಧಕ್ಕೆ, ಕೊನೆಗೆ ಗ್ರೀಕ್ ಜಗತ್ತಿಗೆ ತಳ್ಳಿತೇ? ಅಥವಾ ಕ್ರಿ.ಪೂ. 201ರಲ್ಲಿ ಪೆರ್ಗಮಮ್ ಮತ್ತು ರೋಡ್ಸ್ ಎಂಬ ಗ್ರೀಕ್ ರಾಜ್ಯಗಳ ದೂತರು ಬಂದು ಫಿಲಿಪ್‌ನ ಮೇಲೆ ದೂರಿದ್ದೇ ನಿಜವಾದ ಕಾರಣವೇ?

ತುಂಗಾತೀರ:

ವ್ಯವಸ್ಥೆ ತಳ್ಳಿತೆಂಬ ವಾದ ಆಕರ್ಷಕವಾದರೂ ಗ್ರೀಕ್ ರಂಗಕ್ಕೆ ಅದು ಪೂರ್ತಿ ಹೊಂದುವುದಿಲ್ಲ. ರೋಮ್ ಇಲ್ಲಿ ತನ್ನ ಜನರನ್ನು ಬಳಸಲು ಹಿಂಜರಿದದ್ದೇ ಹೆಚ್ಚು. ಫಿಲಿಪ್ ಹ್ಯಾನಿಬಲ್‌ನೊಂದಿಗೆ ಕೈಜೋಡಿಸಿದಾಗ, ಕ್ರಿ.ಪೂ. 211ರ ಸುಮಾರಿಗೆ ರೋಮ್ ಏಟೋಲಿಯನ್ನರೊಂದಿಗೆ ಮಾಡಿಕೊಂಡ ಒಪ್ಪಂದವನ್ನು ನೋಡಿ. ನೆಲದ ಮೇಲಿನ ಯುದ್ಧ ಏಟೋಲಿಯನ್ನರದು, ರೋಮ್ ಕೊಡುವುದು ಕನಿಷ್ಠ 25 ದೊಡ್ಡ ಯುದ್ಧನೌಕೆಗಳನ್ನು. ಗೆದ್ದ ಊರು, ಭೂಮಿ ಏಟೋಲಿಯನ್ನರಿಗೆ, ಸಾಗಿಸಬಹುದಾದ ಕೊಳ್ಳೆ ರೋಮಿಗೆ. ಇಟಲಿಯಲ್ಲಿ ಜನ ಸಾಲದಿದ್ದಾಗ ಗ್ರೀಕರಿಂದಲೇ ಗ್ರೀಕರನ್ನು ತಡೆದ ಅಗ್ಗದ ಏರ್ಪಾಡು ಇದು. ಕ್ರಿ.ಪೂ. 196ರಲ್ಲಿ ಇಸ್ಥ್ಮಿಯನ್ ಕ್ರೀಡಾಕೂಟದಲ್ಲಿ ಗ್ರೀಕರ ಸ್ವಾತಂತ್ರ್ಯವನ್ನು ಸಾರಿ, 194ರಲ್ಲಿ ಸೈನ್ಯವನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಂಡರು. ಆಂಟಿಯೋಕಸ್‌ನಿಂದ ಕಸಿದುಕೊಂಡ ಏಷ್ಯಾ ಮೈನರಿನ ಭಾಗಗಳನ್ನು ಪೆರ್ಗಮಮ್‌ಗೂ ರೋಡ್ಸ್‌ಗೂ ಹಂಚಿ ಮನೆಗೆ ಹೋದರು. ಪಿಡ್ನಾದ ಬಳಿಕವೂ ಮ್ಯಾಸಿಡೋನಿಯವನ್ನು ನಾಲ್ಕು ಗಣರಾಜ್ಯಗಳಾಗಿ ಒಡೆದರೇ ಹೊರತು ಕಾವಲುಪಡೆ ಇಡಲಿಲ್ಲ. ಕಾಯಂ ಸೈನ್ಯ ಬಂದದ್ದು ಕ್ರಿ.ಪೂ. 148ರಲ್ಲಿ ಆಂಡ್ರಿಸ್ಕಸ್‌ನ ದಂಗೆ ಅಡಗಿದ ಮೇಲೆ.

ಇದರಲ್ಲಿ ಔದಾರ್ಯವನ್ನು ಹುಡುಕುವುದು ಬೇಡ. ಕ್ರಿ.ಪೂ. 167ರಲ್ಲಿ ಎಪಿರಸ್‌ನ 70 ಊರುಗಳನ್ನು ಸೂರೆಮಾಡಿ 1,50,000 ಜನರನ್ನು ಗುಲಾಮರಾಗಿ ಮಾರಿದವರೂ ಇವರೇ. ಸ್ಪೇನ್ ಮತ್ತು ಉತ್ತರ ಇಟಲಿ ವರ್ಷವಿಡೀ ಸೈನಿಕರನ್ನು ಕೇಳುತ್ತಿದ್ದವು. ಗ್ರೀಸ್‌ನಲ್ಲಿ ಭಯವೇ ಕಾವಲುಪಡೆಯ ಕೆಲಸ ಮಾಡುತ್ತಿದ್ದರೆ ಲೀಜಿಯನ್‌ಗಳನ್ನು ಅಲ್ಲಿ ಏಕೆ ಇಡಬೇಕು? ಇಟಲಿಯ ಸೈನಿಕರಿಗೆ ಬೇಕಾದ ಹಣವನ್ನೂ ಸೋತವರೇ ಕೊಟ್ಟರು. ಫಿಲಿಪ್‌ನಿಂದ 1,000 ಟ್ಯಾಲೆಂಟ್ (ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿ), ಕ್ರಿ.ಪೂ. 188ರ ಅಪಾಮಿಯಾ ಒಪ್ಪಂದದಂತೆ ಆಂಟಿಯೋಕಸ್‌ನಿಂದ 15,000 ಟ್ಯಾಲೆಂಟ್. ಪರ್ಸಿಯಸ್‌ನ ಭಂಡಾರ ರೋಮಿಗೆ ಬಂದ ಮೇಲೆ, ಯುದ್ಧಕ್ಕೆಂದು ಪೌರರಿಂದ ಎತ್ತುತ್ತಿದ್ದ ತೆರಿಗೆಯನ್ನೇ ಕ್ರಿ.ಪೂ. 167ರಲ್ಲಿ ನಿಲ್ಲಿಸಿಬಿಟ್ಟರು.

ಶಾಸನಪ್ರಿಯ:

ತೆರಿಗೆ ನಿಂತದ್ದು ರೋಮನ್ ಪೌರರಿಗೆ ಮಾತ್ರವೆಂಬುದನ್ನು ಇಲ್ಲಿ ಸೇರಿಸಬೇಕು. ಮಿತ್ರರಾಜ್ಯಗಳು ತಮ್ಮ ತುಕಡಿಗಳ ಸಂಬಳವನ್ನು ತಾವೇ ಭರಿಸಬೇಕಿತ್ತು, ಅದಕ್ಕೆ ತಮ್ಮ ಜನರ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಬೇಕಿತ್ತು. ಗ್ರೀಕ್ ಭಂಡಾರಗಳು ಬರಿದಾದದ್ದರಿಂದ ಅವರ ಮನೆಯ ಭಾರ ಇಳಿಯಲಿಲ್ಲ.

ಹಳೆನಾಣ್ಯ ಅವರ ಮೊದಲ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಮಿತ್ರರೇ. ಅವರ ಪಾಲಿಗೆ ಏನಾಯಿತೆಂಬುದಕ್ಕೆ ಕ್ರಿ.ಪೂ. 177ರ ಎರಡು ದಾಖಲೆಗಳು ಲಿವಿಯಲ್ಲಿವೆ. ಮೊದಲನೆಯದು ಕಾನ್ಸಲ್ ಗಾಯಸ್ ಕ್ಲಾಡಿಯಸ್‌ನ ವಿಜಯೋತ್ಸವದ್ದು. ಪೌರ ಸೈನಿಕರಿಗೆ ತಲಾ 15 ದಿನಾರಿಯಸ್ (ರೋಮನ್ ಬೆಳ್ಳಿ ನಾಣ್ಯ) ಕೊಟ್ಟು, ಮಿತ್ರ ಸೈನಿಕರಿಗೆ ಅದರ ಅರ್ಧ ಕೊಟ್ಟರು. ಅವರು ಮೆರವಣಿಗೆಯಲ್ಲಿ ಜಯಘೋಷ ಮಾಡದೆ ರಥದ ಹಿಂದೆ ನಡೆದರು, ಅವರ ಕೋಪ ಎಲ್ಲರಿಗೂ ತಿಳಿಯುವಂತಿತ್ತು ಎನ್ನುತ್ತಾನೆ ಲಿವಿ. ಎರಡನೆಯದು ಒಂದು ದೂರು. ಲ್ಯಾಟಿನರು ರೋಮಿಗೆ ವಲಸೆ ಹೋಗಿ ಪೌರರಾಗುತ್ತಿದ್ದುದರಿಂದ ಅವರ ಊರುಗಳು ಬರಿದಾಗಿ, ಕೊಡಬೇಕಾದ ಸೈನಿಕರನ್ನು ಕೊಡಲಾಗದ ಸ್ಥಿತಿ ಬರುತ್ತಿತ್ತು. ಸ್ಯಾಮ್ನೈಟರು ಮತ್ತು ಪೆಲಿಗ್ನಿಯನ್ನರು ಹೇಳಿದ್ದು ಇನ್ನೂ ನಿರ್ದಿಷ್ಟ: ತಮ್ಮ 4,000 ಕುಟುಂಬಗಳು ಫ್ರೆಗೆಲ್ಲೆ ಎಂಬ ಲ್ಯಾಟಿನ್ ವಸಾಹತಿಗೆ ಹೋಗಿ ನೆಲೆಸಿವೆ, ಆದರೂ ತಾವು ಕೊಡಬೇಕಾದ ಸೈನಿಕರ ಸಂಖ್ಯೆ ಒಂದಿಷ್ಟೂ ಇಳಿದಿಲ್ಲ, ಫ್ರೆಗೆಲ್ಲೆಯದು ಏರಿಯೂ ಇಲ್ಲ. ಸೆನೆಟ್ ಕೊಟ್ಟ ಪರಿಹಾರವೆಂದರೆ ಲ್ಯಾಟಿನ್ ವಲಸಿಗರನ್ನು ರೋಮಿನಿಂದ ಅವರವರ ಊರಿಗೆ ಹಿಂದಕ್ಕೆ ಅಟ್ಟಿದ್ದು. ಹತ್ತು ವರ್ಷ ಮೊದಲೂ 12,000 ಲ್ಯಾಟಿನರನ್ನು ಹೀಗೆಯೇ ಕಳುಹಿಸಿದ್ದರು.

ಫಿಲಿಪ್ ಲಾರಿಸ್ಸಾದವರಿಗೆ ಹೊಗಳಿ ಬರೆದ ಆ ತೆರೆದ ಬಾಗಿಲು, ಅವನ ಮಗನ ಕಾಲಕ್ಕೆ ಒಳಗಿನಿಂದ ಮುಚ್ಚಿಕೊಳ್ಳುತ್ತಿತ್ತು. ಕ್ರಿ.ಪೂ. 125ರಲ್ಲಿ ಇದೇ ಫ್ರೆಗೆಲ್ಲೆ ಬಂಡೆದ್ದಿತು, ರೋಮ್ ಅದನ್ನು ನೆಲಸಮ ಮಾಡಿತು. ಕ್ರಿ.ಪೂ. 91ರಲ್ಲಿ ಪೆಲಿಗ್ನಿಯನ್ನರ ಕೊರ್ಫಿನಿಯಮ್ ಇಟಾಲಿಯನ್ ಬಂಡುಕೋರರ ರಾಜಧಾನಿಯಾಯಿತು, ಮತ್ತು ಅಲ್ಲಿಂದ ಹೊರಟ ಸೈನ್ಯಗಳು ಲೀಜಿಯನ್‌ಗಳ ಜೊತೆಯಲ್ಲಿಯೇ ಪಳಗಿದ್ದವು.